ಸಿನಿಮಾದಲ್ಲಿ ಸತ್ತವಳಿಗೆ ಗಂಡು ಹುಡುಕಿದ್ದು

ಮೊನ್ನೆ ಉಡುಪಿಯಲ್ಲಿ ಹಲ್ಲಿನ ಡಾಕ್ಟರರ ಬಳಿ ಹೋಗಿದ್ದೆ. ಕಾಯುವ ಕೋಣೆಯ ಮೂಲೆಯಲ್ಲಿ ಟಿ.ವಿ. ಇತ್ತು, ಎಲ್ಲರೂ ಅದರತ್ತ ಮುಖ ಮಾಡಿ ಕುಳಿತಿದ್ದರು. ನಾನು ಮಾತ್ರ ಕುರ್ಚಿ ತಿರುಗಿಸಿಕೊಂಡು ಎದುರಿನ ಖಾಲಿ ಗೋಡೆಯನ್ನು ನೋಡುತ್ತಾ ಕುಳಿತೆ. ಹೊಸದಾಗಿ ಬಣ್ಣ ಬಳಿದಿದ್ದರು, ಒಳ್ಳೆಯ ಬಿಳಿ ಗೋಡೆ. ಸ್ವಲ್ಪ ಹೊತ್ತಿಗೆ ಚೀಟಿ ಕೊಡುವ ಹುಡುಗಿ ಬಂದು, "ಅಂಕಲ್, ಅಲ್ಲಿ ಎಂತ ಉಂಟು?" ಎಂದು ಕೇಳಿದಳು. "ಎಂತ ಇಲ್ಲ, ಇನ್ನೂ ಶುರುವಾಗಲಿಲ್ಲ" ಎಂದೆ. ಅವಳು ಒಳಗೆ ಹೋಗಿ ಏನು ಹೇಳಿದಳೋ, ನನ್ನ ಸರದಿ ಬಹಳ ಬೇಗ ಬಂತು.

ಬಿಳಿ ಗೋಡೆ ಕಂಡಲ್ಲಿ ಕುಳಿತುಬಿಡುವ ಈ ಅಭ್ಯಾಸ ನನಗೆ ಅಂಟಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಪುವಿನ ರಾಧಕ್ಕನ ಮನೆಯಲ್ಲಿ. ಅದನ್ನು ಹೇಳುವ ಮೊದಲು ನನ್ನ ರುಚಿಯ ಬಗ್ಗೆ ಒಂದೆರಡು ಮಾತು ಹೇಳಬೇಕು. ನನಗೆ ಹಿಡಿಸುವುದು ಜನರು ಅರ್ಧಕ್ಕೆ ಎದ್ದು ಹೋಗುವ ಸಿನಿಮಾ. ಕತ್ತಲೆಯದ್ದು, ಮುಗಿದ ಮೇಲೂ ಮುಗಿಯಿತೇ ಇಲ್ಲವೇ ಎಂದು ಪಕ್ಕದವನನ್ನು ಕೇಳಬೇಕಾಗುವಂಥದ್ದು. ಈ ಹಾಳು ರುಚಿ ಎಲ್ಲಿಂದ ಬಂತು ಎಂದು ಕೇಳಿದರೆ ಕಾರ್ಕಳದ ಟೂರಿಂಗ್ ಟಾಕೀಸಿನತ್ತ ಬೆರಳು ತೋರಿಸಬೇಕು.

ನಾನಾಗ ಚಿಕ್ಕವನು. ಅಮ್ಮನ ಜೊತೆ ಡೇರೆಯೊಳಗೆ ಮರಳನ್ನು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಕುಳಿತು ಪುರಾಣದ ಚಿತ್ರ ನೋಡುತ್ತಿದ್ದೆ. ಭಕ್ತ ಕಷ್ಟಪಟ್ಟು ಹಾಡು ಮುಗಿಸಿದ, ದೇವರು ಪ್ರತ್ಯಕ್ಷನಾದ, ಅಷ್ಟರಲ್ಲಿ ಯಂತ್ರದಲ್ಲಿ ರೀಲು ಸಿಕ್ಕಿಹಾಕಿಕೊಂಡಿತು. ದೇವರ ಮೂಗಿನ ಮೇಲೆ ಒಂದು ಕಂದು ಬೊಟ್ಟು ಎದ್ದು, ಅದು ತೂತಾಗಿ, ತೂತು ದೊಡ್ಡದಾಗಿ, ಕಿರೀಟ ಸಮೇತ ದೇವರು ಸುಟ್ಟುಹೋಗಿ ಪರದೆ ಬೆಳ್ಳಗಾಯಿತು. ಜನ ಶಿಳ್ಳೆ ಹಾಕಿದರು. ಅಮ್ಮ ಅದನ್ನು ದೇವರ ತೇಜಸ್ಸೆಂದು ತಿಳಿದು ಕೈ ಮುಗಿದಳು. ನನಗೆ ಮಾತ್ರ ಮೈಯೆಲ್ಲ ಝುಮ್ಮೆಂದಿತು. ರೀಲು ಅಂಟಿಸಿ ಮುಂದಿನ ಕತೆ ತೋರಿಸಿದರು, ಭಕ್ತನಿಗೆ ಸಕಲ ಐಶ್ವರ್ಯವೂ ಸಿಕ್ಕಿತು, ಅದೆಲ್ಲ ನನಗೆ ಸಪ್ಪೆ. "ಇನ್ನೊಮ್ಮೆ ದೇವರನ್ನು ಸುಡುವುದು ಯಾವಾಗ?" ಎಂದು ದಾರಿಯಲ್ಲಿ ಕೇಳಿದ್ದಕ್ಕೆ ಅಮ್ಮ ಮರುದಿನವೇ ನನ್ನ ಸೊಂಟಕ್ಕೊಂದು ತಾಯತ ಕಟ್ಟಿಸಿದಳು. ತಾಯತದಿಂದ ಜ್ವರ ಬರುವುದು ನಿಂತಿತು, ರುಚಿ ಬದಲಾಗಲಿಲ್ಲ.

ದೊಡ್ಡವನಾಗಿ ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ನನ್ನ ಅಭಿಪ್ರಾಯಗಳೂ ಬಲಿತವು. ಖಳನಾಯಕ ಗಹಗಹಿಸಿ ನಕ್ಕರೆ ನನಗೆ ಎಳ್ಳಷ್ಟೂ ಹೆದರಿಕೆಯಿಲ್ಲ. ಅವನು ಕೊಲೆ ಮುಗಿಸಿ ಬಂದು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿಟ್ಟರೆ ಹೆದರಿಕೆಯಾಗುತ್ತದೆ. ದೆವ್ವ ಬಿಳಿ ಸೀರೆ ಉಟ್ಟು ಹಾಡುವುದು ನನ್ನ ಪ್ರಕಾರ ಹಾಸ್ಯ. ತಾಯಿಯ ಹೆಣದ ಮುಂದೆ ಮಗ ತಾಳ ತಪ್ಪದೆ ಹಾಡುತ್ತಾನಲ್ಲ, ಅದು ನಿಜವಾದ ಭಯಾನಕ. ಇನ್ನು ಕೊನೆಗೆ ಇಡೀ ಕುಟುಂಬ ಸಾಲಾಗಿ ನಿಂತು ಒಟ್ಟಿಗೆ ನಗುವ ದೃಶ್ಯವಂತೂ ನನಗೆ ಇಂದಿಗೂ ನೋಡಲಾಗುವುದಿಲ್ಲ. ಯಾಕೆ ನಗುತ್ತಿದ್ದಾರೆ, ಯಾರು ನಗಿಸಿದರು, ಯಾವಾಗ ನಿಲ್ಲಿಸುತ್ತಾರೆ, ಒಂದಕ್ಕೂ ಉತ್ತರವಿಲ್ಲ. ಮತ್ತೊಂದು ಮಾತು, ಮೀನು ಸಾರು ಉಂಡ ಮೇಲೆ ಯಾವ ಸಿನಿಮಾವೂ ಕರಾಳವಾಗಿ ಕಾಣುವುದಿಲ್ಲ. ಇಂಥ ಚಿತ್ರಗಳನ್ನು ಹಸಿದು ನೋಡಬೇಕು. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ.

ಇಂಥದ್ದೇ ಹಾಳು ರುಚಿಯ ಕೆಲವರು ಸೇರಿ ಮಣಿಪಾಲದಲ್ಲಿ ಒಂದು ಚಿತ್ರಬಳಗ ಮಾಡಿಕೊಂಡಿದ್ದೆವು. ಉಡುಪಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಬೆಂಜಮಿನ್ ಬಳಿ ಒಂದು ಹಳೆಯ ಪ್ರೊಜೆಕ್ಟರ್ ಇತ್ತು. ವಯಸ್ಸಿನಲ್ಲಿ ಹಿರಿಯರು, ಮಾತು ಕಡಿಮೆ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ತುಳು, ಪ್ರೊಜೆಕ್ಟರ್ ಕೆಟ್ಟಾಗ ಮಾತ್ರ ಇಂಗ್ಲಿಷು. ರೀಲಿನ ಡಬ್ಬಗಳು ಪುಣೆಯಿಂದಲೋ ಮದ್ರಾಸಿನಿಂದಲೋ ಬಸ್ಸಿನ ಟಾಪಿನ ಮೇಲೆ ಕುಳಿತು ಬರುತ್ತಿದ್ದವು. ಮೊದಲು ಒಂದು ಸಭಾಂಗಣದಲ್ಲಿ ತೋರಿಸುತ್ತಿದ್ದೆವು. ಒಮ್ಮೆ, ಮುಚ್ಚಿದ ಬಾಗಿಲನ್ನೇ ಬಹಳ ಹೊತ್ತು ತೋರಿಸುವ ಚಿತ್ರ ಬಂತು. ಸಭಾಂಗಣ ನೋಡಿಕೊಳ್ಳುವವರು ಕೊನೆಯವರೆಗೆ ಕುಳಿತಿದ್ದು, "ಬಾಗಿಲು ನಮ್ಮಲ್ಲಿಯೂ ಉಂಟಲ್ಲ, ಇದಕ್ಕೆ ಕರೆಂಟು ಯಾಕೆ?" ಎಂದು ಬೀಗ ಹಾಕಿಕೊಂಡು ಹೋದರು. ಮತ್ತೆ ಅದು ನಮಗೆ ತೆರೆಯಲಿಲ್ಲ.

ಆಗ ಕೈಹಿಡಿದವರು ಕಾಪುವಿನ ರಾಧಕ್ಕ. ರಾಧಕ್ಕನ ಮನೆಯ ಮದುವೆ, ತೊಟ್ಟಿಲಿಗೆಲ್ಲ ಫೋಟೋ ತೆಗೆದ ಸಲಿಗೆ ಬೆಂಜಮಿನ್‌ಗಿತ್ತು, ಅವರೇ ಕೇಳಿ ಒಪ್ಪಿಸಿದರು. ರಾಧಕ್ಕನ ಗಂಡ ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು, ವರ್ಷಕ್ಕೊಮ್ಮೆ ಬರುವವರು. ಮನೆಯಲ್ಲಿ ರಾಧಕ್ಕ ಮತ್ತು ಮಗಳು ಗಿರಿಜೆ ಇಬ್ಬರೇ. ಚಾವಡಿಯ ಒಂದು ಗೋಡೆ ನೆಲದಿಂದ ಮಾಡಿನವರೆಗೆ ಒಂದೇ ಸಮ, ಒಂದು ಮೊಳೆಯೂ ಇಲ್ಲ, ಸುಣ್ಣದ ಬಿಳಿ. ಕಿಟಕಿ ಮುಚ್ಚಲು ಮರೆತರೆ ಲೈಟ್‌ಹೌಸಿನ ಬೆಳಕು ಆಗಾಗ ಬಂದು ಚಿತ್ರದ ಮೇಲೆ ಹಾದುಹೋಗುತ್ತಿತ್ತು. ಹೊರಗಿನಿಂದ ಬಂದ ಪ್ರೊಫೆಸರರೊಬ್ಬರು ಅದನ್ನು ನಿರ್ದೇಶಕನ ಕೈಚಳಕವೆಂದು ತಿಳಿದು ಬಹಳ ಹೊಗಳಿದರು. ನಾವು ತಿದ್ದಲು ಹೋಗಲಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನೂ ನೇರವಾಗಿ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಗೋಡೆಯಷ್ಟೇ ನನಗೆ ಗಿರಿಜೆಯೂ ಇಷ್ಟವಾಗಿದ್ದಳು. ಉಡುಪಿಯಲ್ಲಿ ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ಸಿನಿಮಾ ಶುರುವಾದ ಮೇಲೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು, ದೀಪ ಹಾಕುವ ಮೊದಲು ಏಳುತ್ತಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಬಸ್ಸಿನ ಕಂಡಕ್ಟರನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಎಲ್ಲರನ್ನೂ ಅಣ್ಣ ಎನ್ನುತ್ತಾರೆ. ಗಿರಿಜೆ ಬಳಗದ ಎಲ್ಲರನ್ನೂ ಅಣ್ಣ ಎಂದಳು, ನನ್ನನ್ನು ಮಾತ್ರ ಎನ್ನಲಿಲ್ಲ. "ಇವರೇ, ಚಾ ತಣಿಯುತ್ತದೆ" ಎನ್ನುವಳು. ಆ ‘ಇವರೇ’ ಹಿಡಿದುಕೊಂಡು ನಾನು ಕಾಪುವಿನಿಂದ ಮಣಿಪಾಲದವರೆಗೆ ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ, ಸೀಟು ಖಾಲಿ ಇದ್ದರೂ ಗೊತ್ತಾಗುತ್ತಿರಲಿಲ್ಲ. ಇಬ್ಬರದೂ ಒಂದೇ ಜಾತಿ, ಬರಿ ಬೇರೆ ಬೇರೆ. ಬರಿ ಎಂದರೆ ನಮ್ಮಲ್ಲಿ ಗೋತ್ರದ ಹಾಗೆ, ಒಂದೇ ಬರಿಯಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಅದನ್ನೆಲ್ಲ ನಾನು ಗುಟ್ಟಾಗಿ ವಿಚಾರಿಸಿ ಇಟ್ಟುಕೊಂಡಿದ್ದೆ. ಬಾಯಿ ಬಿಟ್ಟು ಕೇಳುವ ಧೈರ್ಯವೊಂದು ಬಾಕಿ ಇತ್ತು.

ಹೀಗಿರುವಾಗ ಆ ಚಿತ್ರ ಬಂತು. ಯಾವುದೋ ಚಳಿದೇಶದ್ದು, ಕಪ್ಪು ಬಿಳುಪು, ಹೆಸರು ನಾಲಿಗೆಯ ಮೇಲೆ ಹೊರಳುವಂಥದ್ದಲ್ಲ. ಕಡಲ ದಡದ ಹಳ್ಳಿ. ಒಬ್ಬಳು ಹುಡುಗಿ, ಅವಳದೊಂದು ಆಡು, ಮಾತೇ ಆಡದ ಅಪ್ಪ. ಹುಡುಗಿ ಈರುಳ್ಳಿ ಸುಲಿಯುತ್ತಾಳೆ, ಬಲೆ ಒಣಹಾಕುತ್ತಾಳೆ, ಮತ್ತೆ ಈರುಳ್ಳಿ ಸುಲಿಯುತ್ತಾಳೆ. ಕೊನೆಗೊಂದು ಬೆಳಿಗ್ಗೆ ಆಡನ್ನು ಪಕ್ಕದ ಮನೆಯ ಬೇಲಿಗೆ ಕಟ್ಟಿ, ಚಪ್ಪಲಿಯನ್ನು ಕಲ್ಲಿನ ಮೇಲೆ ಜೋಡಿಸಿಟ್ಟು, ಕಡಲಿಗೆ ಇಳಿದು ನಡೆದು ಹೋಗುತ್ತಾಳೆ. ತಲೆ ಮುಳುಗಿದ ಮೇಲೂ ಕ್ಯಾಮೆರಾ ಕಡಲನ್ನೇ ನೋಡುತ್ತಾ ಉಳಿಯುತ್ತದೆ. ಅಷ್ಟೇ ಸಿನಿಮಾ. ನನಗಂತೂ ಉಸಿರು ನಿಂತ ಹಾಗಾಗಿತ್ತು.

ದೀಪ ಹಾಕಿದಾಗ ರಾಧಕ್ಕ ಸೌಟು ಹಿಡಿದುಕೊಂಡೇ ಚಾವಡಿಯ ನಡುವೆ ನಿಂತಿದ್ದರು.

"ಮತ್ತೆ?" ಎಂದು ಕೇಳಿದರು.

"ಮುಗಿಯಿತು ರಾಧಕ್ಕ" ಎಂದೆ.

"ಹೆಣ ಸಿಕ್ಕಿತಾ?"

"ಅದು ಗೊತ್ತಾಗುವುದಿಲ್ಲ."

"ಬೊಜ್ಜ ಮಾಡಿದರಾ?" ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ.

"ತೋರಿಸಲಿಲ್ಲ."

"ಮದುವೆ ಆಗಿತ್ತಾ ಆ ಹುಡುಗಿಗೆ?"

"ಇಲ್ಲ."

"ಹಾಗಾದರೆ ಎಂತ ಮುಗಿದದ್ದು ಮಾರಾಯ್ರೆ?" ಎಂದು ರಾಧಕ್ಕ ಒಳಗೆ ಹೋದರು. ನಾನು ಬಳಗದವರ ಎದುರು, ಮುಗಿಯದಿರುವುದೇ ಕಲೆ, ಸುಖಾಂತವೆಂಬುದು ಹೇಡಿಗಳ ಊರುಗೋಲು ಎಂದು ಬಹಳ ಹೊತ್ತು ಮಾತನಾಡಿದೆ. ಗಿರಿಜೆ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಾಳೆಂದು ಗೊತ್ತಿದ್ದುದರಿಂದ ಮಾತು ಸ್ವಲ್ಪ ಉದ್ದವಾಯಿತು.

ಇದಾಗಿ ಕೆಲವು ತಿಂಗಳಲ್ಲಿ ಗಿರಿಜೆಗೆ ಸಂಬಂಧಗಳು ಬರತೊಡಗಿದವು. ನನಗೆ ಅನ್ನ ಸೇರದಂತಾಯಿತು. ಆದರೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ಮುರಿಯುತ್ತಿದ್ದವು. ಹೆಜಮಾಡಿಯ ಒಬ್ಬನಿಗೆ ನೋಡಲು ಬರುವ ದಿನವೇ ಕಣ್ಣಬೇನೆ. ಹೆಬ್ರಿಯ ಇನ್ನೊಬ್ಬ ಬಸ್ಸಿನಲ್ಲಿ ನಿದ್ದೆ ಹೋಗಿ ಕಾಪು ದಾಟಿ ಮುಲ್ಕಿಯಲ್ಲಿ ಇಳಿದ, ಅಲ್ಲೇ ಹೋಟೆಲಿನಲ್ಲಿ ಯಾರದೋ ಮಗಳನ್ನು ನೋಡಿ ಒಪ್ಪಿಕೊಂಡ. ರಾಧಕ್ಕ ಹೆದರಿ ಕಾರ್ಕಳದ ಬಲ್ಯಾಯರ ಬಳಿ ಪ್ರಶ್ನೆ ಕೇಳಲು ಹೋದರು. ಬಲ್ಯಾಯರೆಂದರೆ ಕವಡೆ ಹಾಕಿ ನೋಡಿ ಹೇಳುವವರು. ಅವರು ಕವಡೆ ಸರಿಸಿ, "ನಿಮ್ಮ ಚಾವಡಿಯಲ್ಲಿ ಒಂದು ಹೆಣ್ಣು ಕುಲೆ ಉಂಟು. ಮದುವೆಯಾಗದೆ ನೀರಿನಲ್ಲಿ ಸತ್ತದ್ದು. ತನಗೆ ಆಗದೆ ಕಿರಿಯವಳಿಗೆ ಆಗಲು ಬಿಡುವುದಿಲ್ಲ" ಎಂದರಂತೆ. ಕುಲೆ ಎಂದರೆ ಸತ್ತವರ ಜೀವ. ರಾಧಕ್ಕ ತಮ್ಮ ಕುಟುಂಬವನ್ನು ತಲೆಮಾರುಗಟ್ಟಲೆ ಜಾಲಾಡಿದರು. ನೀರಿನಲ್ಲಿ ಸತ್ತವರು ಒಬ್ಬರೂ ಇಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಫಕ್ಕನೆ ಹೊಳೆಯಿತು.

ಮುಂದಿನ ವಾರ ನಾವು ಪ್ರೊಜೆಕ್ಟರ್ ಹೊತ್ತು ಹೋದಾಗ ಅವರು ಬಾಗಿಲಲ್ಲೇ ತಡೆದರು. "ಆ ಹುಡುಗಿ ಸತ್ತದ್ದು ನನ್ನ ಗೋಡೆಯಲ್ಲಿ. ಅವಳ ಅಪ್ಪ ಬಾಯಿಯೇ ಬಿಡುವುದಿಲ್ಲ, ಅವನು ಎಂತ ಮಾಡುತ್ತಾನೆ? ಇನ್ನು ಅವಳು ನನ್ನ ಮಗಳೇ. ಅವಳಿಗೊಂದು ಗಂಡು ನೋಡಿ ಕುಲೆ ಮದುವೆ ಮಾಡಿಸಿ. ಅದಾಗದೆ ಇಲ್ಲಿ ಸಿನಿಮಾ ಇಲ್ಲ, ಗಿರಿಜೆಗೆ ಮದುವೆಯೂ ಇಲ್ಲ."

ತುಳುನಾಡಿನ ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಮದುವೆಯಾಗದೆ ಸತ್ತ ಮಗನಿಗೆ, ಮದುವೆಯಾಗದೆ ಸತ್ತ ಯಾರದೋ ಮಗಳನ್ನು ಹುಡುಕಿ, ಎರಡೂ ಮನೆಯವರು ಸೇರಿ ಶಾಸ್ತ್ರವಾಗಿ ಮದುವೆ ಮಾಡಿ ಊಟ ಹಾಕುವುದು ನಮ್ಮಲ್ಲಿ ಇವತ್ತಿಗೂ ಇದೆ. ಸತ್ತ ಮಕ್ಕಳು ಬೆಳೆಯುತ್ತಾರೆ, ಅವರಿಗೂ ವಯಸ್ಸಾಗುತ್ತದೆ, ಅವರಿಗೂ ಜೊತೆ ಬೇಕಾಗುತ್ತದೆ. ಈ ಮಾತಿನಲ್ಲಿ ಎಷ್ಟು ಪ್ರೀತಿ ಇದೆ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಇಷ್ಟೇ: ಗಿರಿಜೆಯ ದಾರಿ ತೆರೆಯುವುದು ನನ್ನ ಕೈಯಲ್ಲಿದೆ, ರಾಧಕ್ಕನ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬರುವುದಿಲ್ಲ.

ಆದರೆ ಸಿನಿಮಾದಲ್ಲಿ ಸತ್ತವಳಿಗೆ ಊರಿನಲ್ಲಿ ಸತ್ತವನನ್ನು ಯಾರು ಕೊಡುತ್ತಾರೆ? ಒಬ್ಬರನ್ನು ಕೇಳಿ ನೋಡಿದೆವು, ಹುಡುಗಿಯ ಮನೆ ಎಲ್ಲಿ ಎಂದು ವಿಚಾರಿಸಿದ ಮೇಲೆ ಅವರು ನಮಗೆ ಚಾ ಕೂಡ ಕೊಡಲಿಲ್ಲ. ಆಗ ಬೆಂಜಮಿನ್, "ಸಿನಿಮಾದವಳಿಗೆ ಸಿನಿಮಾದವನೇ ಆಗಬೇಕಷ್ಟೆ" ಎಂದರು. ಹಾಗೆ ನಮ್ಮ ಬಳಗ, ಆ ಕಾಲಕ್ಕೆ ದೇಶದಲ್ಲೇ ಯಾರೂ ಮಾಡಿರದ ಉದ್ದೇಶಕ್ಕಾಗಿ, ಕರಾಳ ಚಿತ್ರಗಳನ್ನು ಒಂದರ ಹಿಂದೆ ಒಂದು ತರಿಸತೊಡಗಿತು. ಅವಿವಾಹಿತ ತರುಣ ಸತ್ತಿರಬೇಕು, ನಡತೆ ಒಳ್ಳೆಯದಿರಬೇಕು. ಗಂಡು ನೋಡಲೆಂದು ರಾಧಕ್ಕ ನಮಗೆ ಮತ್ತೆ ಚಾವಡಿ ಬಿಟ್ಟುಕೊಟ್ಟರು. ಈ ಸಲ ಅಡುಗೆಮನೆಯಿಂದ ಇಣುಕದೆ, ಮುಂದಿನ ಕುರ್ಚಿಯಲ್ಲೇ ಕುಳಿತರು.

ಅವರ ವಿಮರ್ಶೆಯ ಧಾಟಿಯೇ ಬೇರೆ. ಒಬ್ಬ ತರುಣ ಮಹಡಿಯಿಂದ ಹಾರಿದ. ನಾನು ಆಧುನಿಕ ಮನುಷ್ಯನ ಒಂಟಿತನದ ಬಗ್ಗೆ ಯೋಚಿಸುತ್ತಿದ್ದಾಗ ರಾಧಕ್ಕ, "ಆತುರದವ, ಬೇಡ" ಎಂದರು. ಇನ್ನೊಬ್ಬ ಕನ್ನಡಿಯೊಡನೆ ಮಾತನಾಡುತ್ತಾ ಹುಚ್ಚನಾಗಿ ಸತ್ತ. "ಮನೆಯಲ್ಲಿ ಹೆಂಡತಿಯ ಮಾತು ಕೇಳಿಸಿಕೊಳ್ಳುವುದಿಲ್ಲ ಇವನು" ಎಂದು ಬಿಟ್ಟರು. ಮತ್ತೊಬ್ಬ ಎಲ್ಲ ರೀತಿಯಲ್ಲೂ ಒಪ್ಪಿಗೆಯಾದ, ಚಂದದ ಹುಡುಗ, ಆದರೆ ಅವನ ತಾಯಿ ಇಡೀ ಚಿತ್ರದಲ್ಲಿ ಕಾರಣವಿಲ್ಲದೆ ನಗುತ್ತಿದ್ದಳು. "ಆ ಅತ್ತೆಯ ಕೈಗೆ ನನ್ನ ಮಗಳನ್ನು ಕೊಡುವುದಿಲ್ಲ" ಎಂದರು. ಕಡಲ ಬದಿಯ ಚಿತ್ರ ಬಂದರೆ ಮೊದಲ ರೀಲಿಗೇ ನಿಲ್ಲಿಸಲು ಹೇಳುತ್ತಿದ್ದರು. ಹುಡುಗಿಯದೇ ದೇಶವಾಗಿದ್ದು ಒಂದೇ ಬರಿಯಾದರೆ ಏನು ಗತಿ ಎಂದು ಅವರಿಗೆ ಸಂಶಯ. ಒಳನಾಡಿನವನು ಬೇಕು, ಕಡಲು ಕಾಣದಿದ್ದರೆ ಅವಳಿಗೆ ಹಳೆಯದು ನೆನಪಾಗುವುದಿಲ್ಲ ಎನ್ನುತ್ತಿದ್ದರು.

ಕೊನೆಗೆ ಸಿಕ್ಕಿದವನು ಮದ್ರಾಸಿನಿಂದ ಬಂದ ಒಂದು ಚಿತ್ರದವನು. ಬಯಲು ಸೀಮೆ, ಗಾಳಿ, ಒಂದು ಮರವೂ ಇಲ್ಲ. ತರುಣನೊಬ್ಬ ಮರದ ಕಿಟಕಿಯ ಚೌಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಲೇ ಇರುತ್ತಾನೆ. ಎಲ್ಲಿಯೂ ಮನೆ ಇಲ್ಲ. ಕಡೆಗೆ ಚೌಕಟ್ಟನ್ನು ನೆಲದಲ್ಲಿ ನಿಲ್ಲಿಸಿ, ಅದರ ಆಚೆಗೆ ನೋಡುತ್ತಾ ಕುಳಿತಲ್ಲೇ ಸಾಯುತ್ತಾನೆ. ಆ ದಿನವೂ ಬಂದಿದ್ದ ಪ್ರೊಫೆಸರರು ಅಸ್ತಿತ್ವ, ಶೂನ್ಯ ಎಂದೇನೋ ಆರಂಭಿಸಿದರು. ರಾಧಕ್ಕ ಕಣ್ಣೊರೆಸಿಕೊಂಡು, "ಕೆಲಸಕ್ಕೆ ಬೆನ್ನು ಕೊಡುವ ಹುಡುಗ. ಕುಡಿತ ಇಲ್ಲ, ಬೀಡಿ ಇಲ್ಲ. ಕಿಟಕಿ ಉಂಟು, ಇನ್ನು ಮನೆ ಒಂದು ಆಗಬೇಕಷ್ಟೆ. ಇವನು ಆದೀತು" ಎಂದರು. ನನ್ನ ಜೀವಮಾನದಲ್ಲಿ ಆ ಚಿತ್ರದ ಬಗ್ಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಕೇಳಿಲ್ಲ. ಬೆಂಜಮಿನ್ ಎದ್ದು ನಿಂತು ಎಲ್ಲರ ಕೈಕುಲುಕಿದರು.

ಹುಡುಗಿಯ ಚಿತ್ರವನ್ನು ಪುಣೆಯಿಂದ ಮತ್ತೆ ತರಿಸಿದೆವು. ದಿನ ಗೊತ್ತಾಯಿತು. ಕಾರ್ಕಳದಿಂದ ಬಲ್ಯಾಯರು ಬಂದು, ಹೆಣ್ಣಿನ ಕಡೆಗೆ ರಾಧಕ್ಕ ಆಯಿತು, ಗಂಡಿನ ಕಡೆಯವರು ಯಾರು ಎಂದು ಕೇಳಿದರು. ಬೆಂಜಮಿನ್, "ನಾನಾಗಬಹುದಿತ್ತು, ಆದರೆ ನಮ್ಮ ಕ್ರಮ ಬೇರೆ" ಎಂದು ಹಿಂದೆ ಸರಿದರು. ಬಳಗದಲ್ಲಿ ತಲೆ ನರೆತವರು, ಮೊಮ್ಮಕ್ಕಳಿದ್ದವರು ಬೇಕಾದಷ್ಟು ಇದ್ದರು. ಬ್ಯಾಂಕಿನ ಒಬ್ಬ ಹಿರಿಯರು ಏಳಲು ಮೊಣಕಾಲಿಗೆ ಕೈ ಊರಿದ್ದರು. ಅವರು ಪೂರ್ತಿ ಏಳುವ ಮೊದಲು ನಾನು ಎದ್ದು, "ನಾನಿದ್ದೇನೆ" ಎಂದುಬಿಟ್ಟೆ. ಜವಾಬ್ದಾರಿ ಹೊರುವ ಹುಡುಗ ಎಂದು ರಾಧಕ್ಕನಿಗೆ ತಿಳಿಯಲಿ ಎಂಬ ಹುಮ್ಮಸ್ಸು. ಗಿರಿಜೆ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡಿದಳು, ಏನೋ ಹೇಳಲು ಬಾಯಿ ತೆರೆದವಳು ಹೇಳದೆ ಒಳಗೆ ಹೋದಳು. ನಾಚಿಕೆ ಇರಬೇಕು ಎಂದುಕೊಂಡೆ.

ಮದುವೆ ಚೆನ್ನಾಗಿಯೇ ಆಯಿತು. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಹೊಸ ಸೀರೆ, ಬಳೆ, ಒಂದು ಚೆಂಡು ಮಲ್ಲಿಗೆ, ಇನ್ನೊಂದರ ಮೇಲೆ ಪಂಚೆ, ಶಾಲು. ಅವರದ್ದು ಎಂಬುದು ಏನಾದರೂ ಇರಬೇಕು ಎಂದು ಬಲ್ಯಾಯರು ಹೇಳಿದ್ದರಿಂದ ರೀಲಿನ ಡಬ್ಬಗಳನ್ನೂ ಮಣೆಯ ಮೇಲೆ ಇಟ್ಟೆವು. ಧಾರೆಯ ನೀರು ಒಳಗೆ ಹೋದರೆ ರೀಲು ಹಾಳಾದೀತೆಂದು ಬೆಂಜಮಿನ್ ಎರಡೂ ಡಬ್ಬಗಳಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದರು. ವಧೂವರರ ಮುಖ ನೋಡದೆ ಮದುವೆಯೇ ಎಂದು ರಾಧಕ್ಕನ ಆಸೆ, ಆದರೆ ಮದುವೆಯ ದಿನ ಸಾಯುವುದನ್ನು ತೋರಿಸಬಾರದು. ಬೆಂಜಮಿನ್ ಹುಡುಕಿ ಹುಡುಕಿ ಇಬ್ಬರದೂ ಒಂದೊಂದು ತುಂಡನ್ನು ಮೊದಲೇ ಆರಿಸಿ ಡಬ್ಬದ ಹೊರಗೆ ಇಟ್ಟಿದ್ದರು. ಕಿಟಕಿ ಮುಚ್ಚಿ, ಮೊದಲು ವಧುವಿನದನ್ನು ಗೋಡೆಗೆ ಬಿಟ್ಟರು. ಆಡು ಹುಡುಗಿಯ ಸೆರಗಿನಂಥ ಬಟ್ಟೆಯನ್ನು ಬಾಯಿಂದ ಎಳೆಯುತ್ತದೆ, ಅವಳು ತಿರುಗಿ ಒಂದು ಸಲ ನಗುತ್ತಾಳೆ. ಮೊದಲು ಇಡೀ ಚಿತ್ರ ನೋಡಿದ್ದರೂ ಆ ನಗು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳು ಸಾಯುವುದನ್ನೇ ಕಾಯುತ್ತಾ ಕುಳಿತವನಿಗೆ ಅದು ಹೇಗೆ ಕಂಡೀತು? ಆಮೇಲೆ ವರನ ತುಂಡು, ಅವನು ಕಿಟಕಿ ಇಳಿಸಿ ಬೆವರು ಒರೆಸಿಕೊಂಡು ಶಿಳ್ಳೆ ಹಾಕುತ್ತಾನೆ. "ನೋಡಿ, ಇಬ್ಬರಿಗೂ ಒಪ್ಪಿಗೆ ಉಂಟು" ಎಂದರು ರಾಧಕ್ಕ. ಬಲ್ಯಾಯರು ಹೇಳಿದಂತೆ ರಾಧಕ್ಕ ಧಾರೆ ಎರೆದರು, ಗಂಡಿನ ತಂದೆಯ ಸ್ಥಾನದಲ್ಲಿ ನಿಂತು ನಾನು ಸೊಸೆಯನ್ನು ಒಪ್ಪಿಸಿಕೊಂಡೆ. ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ಊಟಕ್ಕೆ ಕುಳಿತೆವು. ಬೀಗರ ಸಾಲಿನಲ್ಲಿ ಮೊದಲ ಎಲೆ ನನ್ನದು. ಗಿರಿಜೆ ಅನ್ನದ ಪಾತ್ರೆ ಹಿಡಿದು ಬಂದಳು. ನಾನು ಎಂದಿನ ‘ಇವರೇ’ ಕೇಳಲು ಕಿವಿ ನೆಟ್ಟಗೆ ಮಾಡಿಕೊಂಡಿದ್ದೆ.

"ಅನ್ನ ಹಾಕಲಾ, ಮಾವ?" ಎಂದಳು.

ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಅಕ್ಕನ ಗಂಡನ ಅಪ್ಪನನ್ನು ಮತ್ತೇನೆಂದು ಕರೆಯುವುದು? ಆಚೆಯಿಂದ ರಾಧಕ್ಕ, "ಬೀಗರಿಗೆ ಪಾಯಸ ಹೆಚ್ಚು ಹಾಕು ಮಗಾ" ಎಂದು ಕೂಗಿ ಹೇಳಿದರು. ಪಕ್ಕದಲ್ಲಿ ಕುಳಿತ ಬೆಂಜಮಿನ್ ನನ್ನನ್ನು ನೋಡಿದರು, ಗಿರಿಜೆಯನ್ನು ನೋಡಿದರು, ಎಲ್ಲ ಅರ್ಥವಾಗಿ ಇಂಗ್ಲಿಷಿನಲ್ಲಿ ಏನೋ ಗೊಣಗಿದರು.

ನಾಲ್ಕು ದಿನ ಕಳೆದರೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಮರೆಯಲಿಲ್ಲ. ಕಾಪುವಿನ ಬಸ್ ಸ್ಟಾಂಡಿನಲ್ಲಿ ಜನ ನನಗೆ ರಾಧಕ್ಕನ ಬೀಗರೆಂದು ಕುರ್ಚಿ ಬಿಟ್ಟುಕೊಡತೊಡಗಿದರು. ತಡೆಯಲಾರದೆ ಬೆಂಜಮಿನ್ ಬಳಿ ಬಾಯಿ ಬಿಟ್ಟು, ನನ್ನ ಪರವಾಗಿ ಗಿರಿಜೆಯನ್ನು ಕೇಳಲು ಕಳುಹಿಸಿದೆ. ನಾನು ಹೊರಗೆ ತೆಂಗಿನ ಬುಡದಲ್ಲಿ ನಿಂತಿದ್ದೆ, ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ನಿಮಗೆ ತಲೆ ಸರಿ ಉಂಟಾ ಬೆಂಜಮಿನ್?" ಎಂದರು ರಾಧಕ್ಕ. "ಗಿರಿಜೆ ತನ್ನ ಸ್ವಂತ ಅಕ್ಕನಿಗೇ ಅತ್ತೆ ಆಗುವುದಾ? ನನ್ನ ಬೀಗ ನನಗೇ ಅಳಿಯ ಆಗುವುದಾ? ಊರವರು ನಗುವುದಿಲ್ಲವಾ?"

"ಅದು ಸಿನಿಮಾ ಅಲ್ವಾ ರಾಧಕ್ಕ?"

"ಸಿನಿಮಾ ತೋರಿಸಿದ್ದು ನೀವು. ಮದುವೆ ಮಾಡಿದ್ದು ನಾವು. ಅಷ್ಟು ಜನ ಕೂತು ಉಂಡದ್ದು ಸುಳ್ಳಾ?" ಆಮೇಲೆ ಅವರೇ ಮೆತ್ತಗೆ ಹೇಳಿದರು, "ಒಳ್ಳೆಯ ಜನ ಅವರು. ಮೊದಲು ಕೇಳಿದ್ದರೆ ನಾನು ಇಲ್ಲ ಎನ್ನುತ್ತಿರಲಿಲ್ಲ. ಈಗ ಹೇಗೆ ಕೊಡುವುದು ಹೇಳಿ?" ಬೆಂಜಮಿನ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು.

ಚಿತ್ರಬಳಗವೂ ಹೆಚ್ಚು ದಿನ ಬಾಳಲಿಲ್ಲ. ಹುಡುಗಿಯ ಡಬ್ಬ ಪುಣೆಗೆ, ಹುಡುಗನದು ಮದ್ರಾಸಿಗೆ ಹೋಗಬೇಕಿತ್ತು. ಮದುವೆಯಾದ ವಾರಕ್ಕೇ ಗಂಡ ಹೆಂಡಿರನ್ನು ಬೇರೆ ಬೇರೆ ಬಸ್ಸು ಹತ್ತಿಸುವುದಕ್ಕೆ ರಾಧಕ್ಕ ಒಪ್ಪಲಿಲ್ಲ. ಡಬ್ಬಕ್ಕೆ ಕುಂಕುಮ ಹಚ್ಚಿ, ಹೂ ಮುಡಿಸಿ, ಹೆಣ್ಣನ್ನು ಗಂಡನ ಮನೆಗೇ ಎಂದು ಎರಡನ್ನೂ ಒಂದೇ ಗೋಣಿಯಲ್ಲಿ ಹೊಲಿದು ಮದ್ರಾಸಿಗೆ ಕಳುಹಿಸಿದೆವು. ಪುಣೆಯವರು ಕೇಳಿದರು, ಮದ್ರಾಸಿನವರೂ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಬರೆದು ತಿಳಿಸಿದ ಮೇಲೆ ನಮಗೆ ಯಾರೂ ಚಿತ್ರ ಕಳುಹಿಸಲಿಲ್ಲ. ಕರಾಳವೂ ಅಸಂಗತವೂ ಆದ ಸಿನಿಮಾಗಳನ್ನು ಮಾಡುವವರು, ಹಂಚುವವರು ಇಷ್ಟು ಬೇಗ ಗಾಬರಿಯಾಗುವವರೆಂದು ನನಗೆ ಗೊತ್ತಿರಲಿಲ್ಲ.

ಬಲ್ಯಾಯರ ಮಾತು ಮಾತ್ರ ಸುಳ್ಳಾಗಲಿಲ್ಲ. ಕಾರ್ಕಳದಿಂದ ಬಂದ ಮುಂದಿನ ಸಂಬಂಧವೇ ಗಿರಿಜೆಗೆ ಗಟ್ಟಿಯಾಯಿತು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್, ಸಿನಿಮಾ ನೋಡುವ ಅಭ್ಯಾಸವಿಲ್ಲ. ಮದುವೆಗೆ ಹೋಗದೆ ಎಲ್ಲಾದರೂ ತಲೆ ಮರೆಸಿಕೊಳ್ಳೋಣವೆಂದಿದ್ದೆ, ಬೀಗ ಬಾರದೆ ಹೇಗೆ ಎಂದು ರಾಧಕ್ಕ ಮಣಿಪಾಲಕ್ಕೆ ಕಾರು ಕಳುಹಿಸಿದರು. ಧಾರೆಯ ಹೊತ್ತಿಗೆ ಹಿರಿಯರ ಸಾಲಿನಲ್ಲಿ ನನ್ನನ್ನೂ ಕರೆದರು. ಗಿರಿಜೆಯ ಕೈ ಅವನ ಕೈಯ ಮೇಲಿತ್ತು. ಅದರ ಮೇಲೆ ನಾನು ನೀರು ಎರೆದೆ. ಸ್ವಲ್ಪ ನೀರು ಅವಳ ಸೀರೆಗೆ ಬಿತ್ತು, ಅವಳು ತಲೆಯೆತ್ತಲಿಲ್ಲ. ಜೀವನದಲ್ಲಿ ಅಷ್ಟೊಂದು ಕರಾಳ ಚಿತ್ರಗಳನ್ನು ಕಣ್ಣು ಮಿಟುಕಿಸದೆ ನೋಡಿದವನು ಆ ದಿನ ಕಣ್ಣು ಮುಚ್ಚಿಕೊಂಡೆ.

ಸಂಜೆ ಹೊರಡುವ ಮೊದಲು ಮದುಮಕ್ಕಳು ಹಿರಿಯರ ಕಾಲು ಹಿಡಿಯುತ್ತಾ ಬಂದರು. ಮದುಮಗ ನನ್ನ ಪ್ರಾಯ ನೋಡಿ, ಇವರು ಹೇಗೆ ಸಂಬಂಧ ಎಂದು ಕೇಳಿದ. "ನಮ್ಮ ದೊಡ್ಡ ಮಗಳ ಮಾವ" ಎಂದರು ರಾಧಕ್ಕ. ದೊಡ್ಡ ಮಗಳು ಬರಲಿಲ್ಲವೇ ಎಂದು ಅವನು ಸುತ್ತ ನೋಡಿದ. "ಇಲ್ಲ, ಗಂಡನ ಮನೆಯಲ್ಲಿದ್ದಾಳೆ. ದೂರ ಆಯಿತಲ್ಲ" ಎನ್ನುವಾಗ ರಾಧಕ್ಕನ ಕಣ್ಣು ನಿಜವಾಗಿಯೂ ತುಂಬಿತ್ತು. ಮದುಮಗ ನನ್ನ ಕಾಲು ಮುಟ್ಟಿ ಮುಂದಿನವರ ಬಳಿಗೆ ಹೋದ.

ಗಿರಿಜೆ ಬಗ್ಗಿದಳು. ಆಶೀರ್ವಾದ ಮಾಡಲು ನಾನೂ ಬಗ್ಗಿದೆ. ಅವಳು ಏಳದೆ, ನನ್ನೊಬ್ಬನಿಗೇ ಕೇಳುವ ಹಾಗೆ ಹೇಳಿದಳು: "ಅಷ್ಟು ಜನ ಇದ್ದರು. ನೀವೇ ಯಾಕೆ ಗಂಡಿನ ಅಪ್ಪ ಆದದ್ದು? ಅಡುಗೆಯವರ ಜೊತೆ ಸೌಟು ಹಿಡಿದು ನಿಂತಿದ್ದರೂ ಸಾಕಿತ್ತಲ್ಲ."